ಹತ್ತನೇ ತರಗತಿಯಲ್ಲಿ ಹತ್ತು ದಿನ ಸಸ್ಪೆಂಡ್ ಆಗಿದ್ದೇನೆ. ಎಲ್.ಸಿ. (ಶಾಲೆ ಬಿಟ್ಟ ಪ್ರಮಾಣಪತ್ರ) ತಗೊಂಡು, ಖಾಸಗಿಯಾಗಿ ಪರೀಕ್ಷೆಗೆ ಕೂರುವ 17 ನಂಬರ್ ಫಾರ್ಮ್ ತುಂಬಲೇ?

ತಮ್ಮಾ, "ಜಗಳ ಇಬ್ಬರದು, ಮನೆಗೆ ಕಳಿಸಿದ್ದು ಮಾತ್ರ ನನ್ನೊಬ್ಬನನ್ನೇ" ಎಂದು ಬರೆದಿದ್ದೀಯಲ್ಲ, ಆ ಸಾಲು ಓದಿ ಮೊಬೈಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. 1994ರ ಡಿಸೆಂಬರಿನಲ್ಲಿ ನಾನೂ ಇದೇ ಮಾತು ಹೇಳಿಕೊಂಡು ತಿರುಗಿದವನು. ನಿನ್ನ ಹಾಗೆಯೇ ಹತ್ತನೇ ತರಗತಿ, ನಿನ್ನ ಹಾಗೆಯೇ ಮುಂಬಯಿಯ ಕನ್ನಡ ಮಾಧ್ಯಮ, ನಿನ್ನ ಹಾಗೆಯೇ ಹತ್ತು ದಿನ.

ಭಾಂಡುಪ್‌ನ ಗುಡ್ಡದ ಬದಿಯ ಚಾಳಿನಲ್ಲಿ ನಮ್ಮದೊಂದು ಖೋಲಿ. ಅಪ್ಪ ಕಂಪನಿ ಕ್ಯಾಂಟೀನಿನಲ್ಲಿ ಅಡುಗೆಯವರು, ಬೆಳಿಗ್ಗೆ ನಾಲ್ಕೂವರೆಗೆ ಮನೆ ಬಿಡುತ್ತಿದ್ದರು. ಅಮ್ಮ ಎರಡು ಮನೆಗೆ ಹೋಗಿ ಚಪಾತಿ ಮಾಡಿಕೊಟ್ಟು ಬರುತ್ತಿದ್ದರು. ಶಾಲೆಗೆ ಕುರ್ಲಾದವರೆಗೆ ಲೋಕಲ್, ಆಮೇಲೆ ಬಸ್ಸು. ಒಂದು ದಿನ ವಿಜ್ಞಾನದ ಪ್ರ್ಯಾಕ್ಟಿಕಲ್ ನಡೆಯುವಾಗ ಪಕ್ಕದ ಹುಡುಗ ಅಪ್ಪನ ಕೆಲಸದ ಬಗ್ಗೆ ಏನೋ ಅಂದ. ನಾನು ಹೊಡೆದೆ. ಅವನೂ ಹೊಡೆದ. ಮೇಜಿನ ಮೇಲಿದ್ದ ಗಾಜಿನ ಸಾಮಾನು ಒಡೆದು ಇನ್ನೊಬ್ಬನ ಕೈಗೆ ತಗುಲಿ ರಕ್ತ ಬಂತು. ಮೊದಲು ಕೈ ಎತ್ತಿದವನು ನಾನು ಅಂತ ಎಲ್ಲರೂ ಹೇಳಿದರು. ಅದು ನಿಜವೇ. ಅವನ ತಂದೆ ಶಾಲೆಯ ಕಮಿಟಿಯಲ್ಲಿದ್ದರು, ಅದೂ ನಿಜವೇ. ಹೆಡ್‌ಮಾಸ್ಟರರು ನನ್ನ ಕೈಗೆ ಒಂದು ಪತ್ರ ಕೊಟ್ಟರು: ಹತ್ತು ದಿನ ತರಗತಿಗೆ ಬರಕೂಡದು, ಹನ್ನೊಂದನೇ ದಿನ ಪಾಲಕರ ಸಹಿಯೊಂದಿಗೆ ಹಾಜರಾಗಬೇಕು.

ಭೂಗೋಳದ ಪುಸ್ತಕಕ್ಕೆ ಅಮ್ಮ ಕಂದು ಕಾಗದದ ಕವರ್ ಹಾಕಿಕೊಟ್ಟಿದ್ದರು. ಆ ಪತ್ರವನ್ನು ನಾಲ್ಕು ಮಡಿಕೆ ಮಾಡಿ, ಕವರಿಗೂ ರಟ್ಟಿಗೂ ನಡುವೆ ತೂರಿಸಿಟ್ಟೆ. ಅಲ್ಲಿ ಸ್ವಲ್ಪ ಉಬ್ಬಿತು. ಉಬ್ಬು ಕಾಣಬಾರದೆಂದು ಆ ಪುಸ್ತಕವನ್ನು ಯಾವಾಗಲೂ ಚೀಲದ ತಳದಲ್ಲೇ ಇಡುತ್ತಿದ್ದೆ.

ಮರುದಿನದಿಂದ ಎಂದಿನಂತೆ ಯೂನಿಫಾರ್ಮ್ ಹಾಕಿಕೊಂಡು, ಡಬ್ಬಿ ತಗೊಂಡು, 'ಅಮ್ಮಾ, ಬರ್ತೇನೆ' ಅಂತ ಹೊರಟೆ. ಎಲ್ಲಿಗೆ ಹೋಗೋದು? ಕೈಯಲ್ಲಿದ್ದದ್ದು ಭಾಂಡುಪ್‌ನಿಂದ ಕುರ್ಲಾದವರೆಗಿನ ವಿದ್ಯಾರ್ಥಿ ಪಾಸು. ಅದಕ್ಕಿಂತ ಆಚೆ ಹೋದರೆ ಟಿಕೆಟ್ ನೋಡುವ ಟಿ.ಸಿ. ಹಿಡಿಯುತ್ತಾನೆ. ಕುರ್ಲಾದಲ್ಲಿ ಇಳಿದರೆ ಶಾಲೆಯ ಹುಡುಗರು ನೋಡುತ್ತಾರೆ. ಹಾಗಾಗಿ ಅದಕ್ಕೊಂದು ಸ್ಟೇಷನ್ ಹಿಂದೆ, ವಿದ್ಯಾವಿಹಾರದಲ್ಲಿ ಇಳಿದು ಪ್ಲಾಟ್‌ಫಾರ್ಮಿನ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದೆ. ಬೇಸರವಾದರೆ ಮತ್ತೆ ಭಾಂಡುಪ್ ಕಡೆಯ ಗಾಡಿ ಹತ್ತಿ ಕಾಂಜೂರ್‌ಮಾರ್ಗದವರೆಗೆ ಹೋಗಿ ವಾಪಸ್ಸು. ಆ ಬೆಂಚಿನ ಮುಂದೆಯೇ ಸೋಮಯ್ಯ ಕಾಲೇಜಿನ ಹುಡುಗ ಹುಡುಗಿಯರು ನೋಟ್ಸ್ ಹಿಡಿದುಕೊಂಡು ಹೋಗುತ್ತಿದ್ದರು. ಶಾಲೆಯಲ್ಲಿ ಊಟದ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಡಬ್ಬಿ ಬಿಚ್ಚುತ್ತಿದ್ದೆ. ಆ ಹೊತ್ತು ತಪ್ಪಿದರೆ ಅಮ್ಮನಿಗೆ ಹೇಗೋ ಗೊತ್ತಾಗಿಬಿಡುತ್ತದೆ ಅಂತ ಅನಿಸುತ್ತಿತ್ತು.

ಈಗ ನಾನು ಹೇಳಬೇಕೆಂದಿರುವ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಓದು. ನಾನು ಹೇಳುತ್ತಿರುವುದು ಹೊಡೆದದ್ದನ್ನಲ್ಲ. ಅಮ್ಮನಿಗೆ ಸುಳ್ಳು ಹೇಳಿದ್ದು ಪಾಪವೇ, ಆದರೆ ನನ್ನ ವರ್ಷ ಹೋದದ್ದು ಅದರಿಂದಲೂ ಅಲ್ಲ. ಹತ್ತು ದಿನ ಆ ಬೆಂಚಿನ ಮೇಲೆ ಕೂತಾಗ ನನ್ನ ತೊಡೆಯ ಮೇಲೆ ಚೀಲವಿತ್ತು. ಅದರೊಳಗೆ ಎಲ್ಲ ಪುಸ್ತಕಗಳಿದ್ದವು, ಕಂಪಾಸ್ ಪೆಟ್ಟಿಗೆ ಇತ್ತು, ಖಾಲಿ ಹಾಳೆಗಳಿದ್ದ ನೋಟ್‌ಬುಕ್ ಇತ್ತು. ದಿನಕ್ಕೆ ಆರು ಗಂಟೆಯ ಬಿಡುವಿತ್ತು. ಹತ್ತು ದಿನಕ್ಕೆ ಅರವತ್ತು ಗಂಟೆ. ಒಂದೇ ಒಂದು ಸಲ ಆ ಚೀಲದ ಬಕಲ್ ತೆಗೆದು ಪುಸ್ತಕ ಬಿಡಿಸಲಿಲ್ಲ. ನಮ್ಮ ಚಾಳಿನ ಎರಡನೇ ಸಾಲಿನಲ್ಲೇ ನನ್ನ ತರಗತಿಯ ಹುಡುಗನೊಬ್ಬನಿದ್ದ. ಸಂಜೆ ನಲ್ಲಿಯ ಹತ್ತಿರ ಸಿಗುತ್ತಿದ್ದ. 'ಇವತ್ತು ಏನು ಕಲಿಸಿದರು?' ಅಂತ ಅವನನ್ನು ಕೇಳಲಿಲ್ಲ. ಕೇಳಿದ್ದೆಲ್ಲ ಒಂದೇ: 'ಅವನಿಗೇನೂ ಮಾಡಲಿಲ್ವಾ?'

ಯಾಕೆ ಓದಲಿಲ್ಲ? ಇಷ್ಟು ವರ್ಷ ಇದನ್ನೇ ಯೋಚಿಸಿದ್ದೇನೆ. ಸೋಮಾರಿತನ ಅಲ್ಲ, ಬೀಜಗಣಿತ ನನಗೆ ಇಷ್ಟದ ವಿಷಯ. ಶಾಲೆ ನನ್ನನ್ನು ಹೊರಗೆ ಕಳಿಸಿದ ಕ್ಷಣವೇ ಪಾಠ ಅವರ ಜವಾಬ್ದಾರಿ, ನನ್ನದಲ್ಲ ಎಂದು ನನ್ನೊಳಗೆ ಒಂದು ಲೆಕ್ಕವಾಗಿಬಿಟ್ಟಿತ್ತು. ಅವರು ತಡೆದಿದ್ದಾರೆ, ಅವರೇ ತುಂಬಿಕೊಡಲಿ. ನಾನು ಓದಿದರೆ ಅವರು ಮಾಡಿದ್ದು ಸರಿ ಅಂತ ಒಪ್ಪಿದ ಹಾಗೆ ಆಗುತ್ತದೆ ಅಂತಲೂ ಅನಿಸುತ್ತಿತ್ತು. ಅಂದರೆ ನಾನು ಪುಸ್ತಕ ತೆರೆಯದೆ ಕೂತದ್ದು ಹೆಡ್‌ಮಾಸ್ಟರರ ಮೇಲಿನ ಸಿಟ್ಟಿಗೆ. ಅವರಿಗೆ ಅದು ಗೊತ್ತೇ ಇರಲಿಲ್ಲ.

ಹನ್ನೊಂದನೇ ದಿನ ಧೈರ್ಯ ಮಾಡಿ ಗೇಟಿನವರೆಗೆ ಹೋದೆ. ಅಪ್ಪನ ಸಹಿಯನ್ನು ಹಾಕಿಸಿಕೊಂಡಿರಲಿಲ್ಲ, ನಾನೇ ಹಾಕಿದ್ದೆ. ನಮ್ಮ ತರಗತಿ ನೆಲಮಹಡಿಯ ಮೂಲೆಯಲ್ಲಿ, ಕಂಪೌಂಡಿನ ಪಕ್ಕದ ಓಣಿಯಿಂದ ಕಿಟಕಿಯೊಳಗೆ ಹಲಗೆ ಕಾಣುತ್ತಿತ್ತು. ಇಣುಕಿ ನೋಡಿದೆ. ನಾನು ಹೋಗುವಾಗ ವರ್ಗ ಸಮೀಕರಣ ಇನ್ನೂ ಶುರುವಾಗಿರಲಿಲ್ಲ. ಈಗ ಹಲಗೆಯ ತುಂಬ ಸೂತ್ರ, ವರ್ಗಮೂಲದ ಚಿಹ್ನೆಯೊಳಗೆ ಉದ್ದುದ್ದ ಸಾಲು. ಸರ್ ಕೇಳುತ್ತಿದ್ದರು, ಮುಂದಿನ ಬೆಂಚಿನವರು ಒಟ್ಟಾಗಿ ಉತ್ತರ ಹೇಳುತ್ತಿದ್ದರು. ನನಗೆ ಒಂದಕ್ಷರ ತಲೆಗೆ ಹೋಗಲಿಲ್ಲ. ಬೈಗುಳ ತಿನ್ನುವುದಕ್ಕೆ ತಯಾರಾಗಿ ಬಂದಿದ್ದೆ. ಕೂತು ಮುಖ ಮುಖ ನೋಡುವುದಕ್ಕೆ ತಯಾರಿರಲಿಲ್ಲ. ಹಿಂದಿರುಗಿ ಸ್ಟೇಷನ್ನಿಗೆ ನಡೆದೆ. ಮರುದಿನ ಹೋಗೋಣ ಎಂದುಕೊಂಡೆ. ಮರುದಿನ ಇನ್ನೊಂದು ಪಾಠ ಹೆಚ್ಚಾಗಿತ್ತು.

ಶಾಲೆ ಕೊಟ್ಟದ್ದು ಹತ್ತು ದಿನ. ಉಳಿದದ್ದನ್ನು ನಾನೇ ಸೇರಿಸಿಕೊಂಡೆ. ಜನವರಿಯ ಪ್ರಿಲಿಮ್ ಪರೀಕ್ಷೆ ಹೋಯಿತು, ಹಾಜರಿ ಶೇಕಡಾ 75ಕ್ಕಿಂತ ಕೆಳಗಿಳಿಯಿತು. ಶಾಲೆಯ ಪ್ಯೂನ್ ಮನೆ ಹುಡುಕಿಕೊಂಡು ಬಂದಾಗ ಅಮ್ಮ ಅವನಿಗೆ ಚಹಾ ಕೊಟ್ಟು, 'ನಮ್ಮ ಹುಡುಗ ದಿನಾ ಶಾಲೆಗೆ ಬರ್ತಾನಲ್ಲ' ಅಂದರು. ಆಗ ನಾನು ಅಲ್ಲೇ ಬಾಗಿಲ ಹತ್ತಿರ ನಿಂತಿದ್ದೆ. ಮಾರ್ಚ್ ಪರೀಕ್ಷೆಗೆ ಕೂರಲಿಲ್ಲ.

ಅಪ್ಪ ಹೊಡೆಯಲಿಲ್ಲ. ಜೂನ್‌ನಲ್ಲಿ ಮುಂಬಯಿಯ ಫೋರ್ಟ್ ಪ್ರದೇಶದಲ್ಲಿದ್ದ ಮಾಮನ ಹೊಟೇಲಿಗೆ ಕರಕೊಂಡು ಹೋಗಿ ಬಿಟ್ಟುಬಂದರು. ಮೊದಲು ಗ್ಲಾಸು ತೊಳೆಯುವುದು, ಆಮೇಲೆ ಟೇಬಲ್ಲು ಒರೆಸುವುದು, ಒಂದು ವರ್ಷದ ನಂತರ ಗಲ್ಲೆಯ ಪಕ್ಕ. ಮಾಮನೇ ಕನ್ನಡ ರಾತ್ರಿ ಶಾಲೆಗೆ ಸೇರಿಸಿದ್ದು. ದಕ್ಷಿಣ ಕನ್ನಡದಿಂದ ಹೊಟೇಲು ಕೆಲಸಕ್ಕೆ ಬಂದ ಹುಡುಗರಿಗಾಗಿ ನಮ್ಮ ಹಿಂದಿನವರು ಮುಂಬಯಿಯಲ್ಲಿ ಇಂಥ ಶಾಲೆಗಳನ್ನು ಕಟ್ಟಿದ್ದರು. ಹಗಲೆಲ್ಲ ಪ್ಲೇಟು ಎತ್ತಿ ರಾತ್ರಿ ಕಲಿತು ವಕೀಲರಾದವರು, ಬ್ಯಾಂಕು ಸೇರಿದವರು ನಮ್ಮವರಲ್ಲಿ ಎಷ್ಟೋ ಮಂದಿ. ಈಗ ಅವುಗಳಲ್ಲಿ ಹೆಚ್ಚಿನವು ಮುಚ್ಚಿಹೋಗಿರುವುದು ನನಗೆ ಸಂಕಟದ ವಿಷಯ.

ಅಲ್ಲಿ ನಾನು ಕಂಡದ್ದನ್ನು ನಿನಗೆ ಹೇಳಲೇಬೇಕು. ನನ್ನ ಬೆಂಚಿನಲ್ಲಿ ಕುಂದಾಪುರದ ಕಡೆಯ ಹುಡುಗನೊಬ್ಬ ಕೂರುತ್ತಿದ್ದ. ಅವನ ಹೊಟೇಲಿನಲ್ಲಿ ವಾರಕ್ಕೆ ಎರಡು ದಿನ ರಾತ್ರಿ ಡ್ಯೂಟಿ, ಆ ದಿನ ತರಗತಿಗೆ ಬರುವ ಹಾಗಿಲ್ಲ. ಮರುದಿನ ಬಂದವನೇ ನೀರು ಕುಡಿಯುವ ಮೊದಲು, ಕೂರುವ ಮೊದಲು, ನನ್ನ ಕಡೆ ಕೈ ಚಾಚುತ್ತಿದ್ದ: 'ನಿನ್ನೆದ್ದು ಕೊಡು ಮಾರಾಯ.' ಬಿಲ್ಲು ಬರೆಯುವ ಸಣ್ಣ ಹಾಳೆಗಳ ಹಿಂಬದಿಯಲ್ಲಿ ಎಲ್ಲ ಬರೆದುಕೊಳ್ಳುತ್ತಿದ್ದ. ಒಂದು ಬದಿಗೆ ಎರಡು ಇಡ್ಲಿ ಒಂದು ಚಹಾ, ಇನ್ನೊಂದು ಬದಿಗೆ ಮೈನಸ್ ಬಿ, ಪ್ಲಸ್ ಆರ್ ಮೈನಸ್ ರೂಟ್ ಆಫ್ ಬಿ ಸ್ಕ್ವೇರ್ ಮೈನಸ್ ಫೋರ್ ಎ ಸಿ, ಅಪಾನ್ ಟೂ ಎ. ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ದೋಸೆಯ ಆರ್ಡರಿಗೆ ಕಾಯುವಾಗ ತೆಗೆದು ನೋಡುತ್ತಿದ್ದ. ಎಣ್ಣೆ ಕೈಯಿಂದ ಹಾಳೆ ಪಾರದರ್ಶಕವಾಗಿ ಎರಡೂ ಬದಿಯ ಬರಹ ಒಂದರ ಮೇಲೊಂದು ಕಾಣುತ್ತಿತ್ತು. ತರಗತಿಗೆ ಬರಲು ಬಿಡದ ಹೊಟೇಲು ಮಾಲೀಕರನ್ನು ಅವನು ಬೈಯುತ್ತಿರಲಿಲ್ಲ ಅಂತಲ್ಲ, ಚೆನ್ನಾಗಿಯೇ ಬೈಯುತ್ತಿದ್ದ. ಆದರೆ ಬೈಯುತ್ತಾ ಬರೆದುಕೊಳ್ಳುತ್ತಿದ್ದ.

ಅವನ ಪಕ್ಕ ಕೂತು ನಾನು 1997ರ ಮಾರ್ಚ್‌ನಲ್ಲಿ ಪರೀಕ್ಷೆ ಬರೆದು ಪಾಸಾದೆ. ನನ್ನ ತರಗತಿಯವರು ಪಾಸಾಗಿ ಎರಡು ವರ್ಷವಾಗಿತ್ತು.

ಈಗ ನಿನ್ನ ಪ್ರಶ್ನೆ. ಎಲ್.ಸಿ. ತೆಗೆಯಲೇ, 17 ನಂಬರ್ ತುಂಬಲೇ, ಅನ್ಯಾಯದ ವಿರುದ್ಧ ಹೋರಾಡಲೇ ಅಂತ ಮೂರು ದಾರಿ ಬರೆದಿದ್ದೀಯ. ಮೂರರಲ್ಲೂ ನಿನ್ನ ಓದು ಇಲ್ಲ. ಆದ್ದರಿಂದ ಮೂರನ್ನೂ ಪಕ್ಕಕ್ಕಿಡು ಅನ್ನುತ್ತೇನೆ.

17 ನಂಬರ್ ಒಳ್ಳೆಯ ವ್ಯವಸ್ಥೆ. ಶಾಲೆ ಬಿಟ್ಟುಹೋದವರು, ಕೆಲಸಕ್ಕೆ ಸೇರಿದವರು ಮಹಾರಾಷ್ಟ್ರ ಬೋರ್ಡಿಗೆ ಖಾಸಗಿಯಾಗಿ ಕೂರಲು ಇರುವ ದಾರಿ ಅದು. ನೀನು ಶಾಲೆ ಬಿಟ್ಟವನಲ್ಲ, ಸಿಟ್ಟಾದವನು. ಅದಕ್ಕೂ ಎಲ್.ಸಿ. ಬೇಕು, ಬೋರ್ಡ್ ಹೇಳಿದ ತಾರೀಖಿನೊಳಗೆ ನೋಂದಣಿ ಆಗಬೇಕು. ನಿನ್ನ ಬೋರ್ಡ್ ಪರೀಕ್ಷೆಯ ಅರ್ಜಿ ಹೋಗುವುದು ಈಗಿನ ಶಾಲೆಯ ಮೂಲಕ. ಗಣಿತ, ವಿಜ್ಞಾನಕ್ಕೆ ನೂರರಲ್ಲಿ ಇಪ್ಪತ್ತು ಅಂಕ ಶಾಲೆಯಲ್ಲೇ ಕೊಡುವಂಥದ್ದು. ಹತ್ತು ದಿನದ ಅವಮಾನಕ್ಕೆ ಇದನ್ನೆಲ್ಲ ಅರ್ಧದಲ್ಲಿ ಕಿತ್ತು ಬೇರೆಡೆ ನೆಡಲು ಹೋಗಬೇಡ.

ಅನ್ಯಾಯದ ವಿಷಯ ಅಪ್ಪನಿಗೆ ಬಿಡು. ಅಪ್ಪ ಲಿಖಿತವಾಗಿ ಕೇಳಲಿ: ಯಾವ ಕಾರಣಕ್ಕೆ, ಎಷ್ಟು ದಿನ, ಇನ್ನೊಬ್ಬ ಹುಡುಗನಿಗೆ ಏನು ಶಿಕ್ಷೆ. ಕೇಳುವ ಹಕ್ಕು ಅವರಿಗಿದೆ. ಇಲ್ಲಿ ಇನ್ನೊಬ್ಬರು ಉತ್ತರ ಬರೆಯುತ್ತಾ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ನಿನ್ನನ್ನು ಹೊರಹಾಕುವಂತೆಯೇ ಇಲ್ಲ ಅಂದಿದ್ದಾರೆ. ಆ 2009ರ ಕಾಯ್ದೆಯ 16ನೇ ಕಲಮು ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ, ಅಂದರೆ ಎಂಟನೇ ತರಗತಿಯವರೆಗೆ ಮಾತ್ರ. ನೀನು ಹತ್ತನೆಯಲ್ಲಿದ್ದೀಯ, ಅದನ್ನು ನಂಬಿ ಕೂರಬೇಡ.

ಆದರೆ ಮನೆಯಲ್ಲಿ ಹೇಳದೆ ಅಪ್ಪ ಏನೂ ಮಾಡಲಾಗದು. 'ಅಪ್ಪನಿಗೆ ಇನ್ನೂ ಹೇಳಿಲ್ಲ' ಅಂತ ನೀನು ಕೊನೆಯಲ್ಲಿ ಸಣ್ಣದಾಗಿ ಬರೆದಿದ್ದೀಯಲ್ಲ, ಅದು ನನಗೆ ಕಂಡಿತು. ಇವತ್ತು ರಾತ್ರಿ ಊಟವಾದ ಮೇಲೆ ಆ ಪತ್ರ ತೆಗೆದು ಅವರ ಕೈಗೆ ಕೊಡು. ಹತ್ತು ನಿಮಿಷ ಬೈಯುತ್ತಾರೆ. ಚೀಲದ ತಳದಲ್ಲಿ ಅದನ್ನು ಹೊತ್ತುಕೊಂಡು ತಿರುಗುವುದಕ್ಕಿಂತ ಅದು ಹಗುರ. ನಾನು ಎರಡನ್ನೂ ನೋಡಿದವನು.

ಆಮೇಲೆ ತರಗತಿಯ ಯಾರಾದರೂ ಒಬ್ಬನಿಗೆ ಫೋನ್ ಮಾಡು. ಇವತ್ತಿನ ಪುಟಗಳ ಫೋಟೋ ತರಿಸಿಕೊ, ನಾಳೆಯಿಂದ ದಿನಾ ಸಂಜೆ ತರಿಸಿಕೊ, ಅದೇ ರಾತ್ರಿ ಕೈಯಲ್ಲಿ ಬರೆ. ಪುಸ್ತಕ ಶಾಲೆಯಲ್ಲೇ ಉಳಿದಿದ್ದರೆ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯಾದ ಬಾಲಭಾರತಿಯ ಕನ್ನಡ ಮಾಧ್ಯಮದ ಪುಸ್ತಕಗಳು ಅವರ ಜಾಲತಾಣದಲ್ಲೇ ಪಿಡಿಎಫ್ ರೂಪದಲ್ಲಿ ಪುಕ್ಕಟೆ ಸಿಗುತ್ತವೆ. ನಮ್ಮ ಕಾಲದಲ್ಲಿ ಇದಿರಲಿಲ್ಲ, ಇದ್ದಿದ್ದರೂ ನಾನು ತೆರೆಯುತ್ತಿದ್ದೆನೋ ಇಲ್ಲವೋ. ವಿಜ್ಞಾನದ ಜರ್ನಲ್ ಮಾತ್ರ ಮರೆಯಬೇಡ. ಯಾವ ಪ್ರಯೋಗ ತಪ್ಪಿತು ಅಂತ ಬರೆದಿಟ್ಟುಕೊ. ಶಾಲೆಗೆ ಮರಳಿದ ದಿನವೇ ವಿಜ್ಞಾನದ ಟೀಚರ ಹತ್ತಿರ ಹೋಗಿ ಅದನ್ನು ಯಾವಾಗ ಮಾಡಿಸುತ್ತೀರಿ ಎಂದು ಕೇಳು. ಅವರಾಗಿ ಕರೆಯಲಿ ಅಂತ ಕಾಯಬೇಡ. ನಲವತ್ತು ಮಕ್ಕಳ ನಡುವೆ ಅವರಿಗೆ ನೆನಪಿರುವುದಿಲ್ಲ.

ಇದನ್ನು ಯಾರಾದರೂ ಶಿಕ್ಷಕರು ಓದುತ್ತಿದ್ದರೆ ಅವರಿಗೂ ಹೇಳುತ್ತೇನೆ. ಹುಡುಗನನ್ನು ಮನೆಗೆ ಕಳಿಸುತ್ತೀರಿ, ಆದರೆ ಹಗಲು ಹೊತ್ತು ಆ ಮನೆಯಲ್ಲಿ ಯಾರಿರುತ್ತಾರೆ ಅಂತ ಕೇಳಿದ್ದೀರಾ? ನಮ್ಮ ಚಾಳಿನ ಮನೆಗಳಲ್ಲಿ ಯಾರೂ ಇರುವುದಿಲ್ಲ. ಹುಡುಗ ಹೋಗುವುದು ಸ್ಟೇಷನ್ನಿಗೆ. ಶಿಕ್ಷೆ ಕೊಡಲೇಬೇಕಿದ್ದರೆ ಆಫೀಸಿನ ಹೊರಗೆ ಬೆಂಚು ಹಾಕಿ ಕೂರಿಸಿ, ಲೈಬ್ರರಿಯಲ್ಲಿ ಕೂರಿಸಿ, ಲೆಕ್ಕ ಕೊಡಿ. ಪತ್ರವನ್ನು ಹುಡುಗನ ಕೈಯಲ್ಲಿ ಕಳಿಸಬೇಡಿ, ಪಾಲಕರಿಗೆ ಫೋನ್ ಮಾಡಿ. ನನ್ನ ತಪ್ಪು ನನ್ನದೇ, ಅದನ್ನು ಇಷ್ಟುದ್ದ ಬರೆದಿದ್ದೇನೆ. ಆದರೆ ಹದಿನೈದು ವರ್ಷದ ಹುಡುಗನೊಬ್ಬ ವಾರಗಟ್ಟಲೆ ಕಾಣದಿದ್ದಾಗ ಜನವರಿಯವರೆಗೆ ಯಾರೂ ವಿಚಾರಿಸದಿದ್ದದ್ದು ನನಗೆ ಈಗಲೂ ನೋವು ಕೊಡುತ್ತದೆ.

ತಮ್ಮಾ, ಹತ್ತರಲ್ಲಿ ಮೂರು ದಿನ ಆಗಲೇ ಹೋಗಿದೆ ಅಂತ ಬರೆದಿದ್ದೀಯ. ಏಳು ಉಳಿದಿವೆ. ಬೀಜಗಣಿತದಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಆ ಲೆಕ್ಕ, ನೀನು ಎಲ್ಲಿಯವರೆಗೆ ಬಿಡಿಸಿದೆ ಅನ್ನುವುದು, ಎರಡನ್ನೂ ಇಲ್ಲೇ ಕೆಳಗೆ ಹಾಕು. ನಾನು ಕೆಲಸ ಮುಗಿಸಿ ಮನೆ ಸೇರುವುದು ರಾತ್ರಿ ಒಂಬತ್ತೂವರೆಗೆ. ಹತ್ತರ ನಂತರ ನೋಡಿ ಉತ್ತರ ಬರೆಯುತ್ತೇನೆ.