ಡ್ರೈವರಣ್ಣನ ಗ್ಯಾಲರಿಯಲ್ಲಿ ರಸ್ತೆ ಇರಲಿಲ್ಲ

‘ಮೇಡಂ, ನಮ್ಮಪ್ಪ ಮೊಬೈಲ್ ಬಿಡಲ್ಲ.’ ಕೆಲವು ವರ್ಷಗಳ ಹಿಂದೆ ಇದೇ ದೂರನ್ನು ಅಪ್ಪಂದಿರು ಮಕ್ಕಳ ಮೇಲೆ ಹೇಳುತ್ತಿದ್ದರು. ಈಗ ಕುರ್ಚಿಗಳು ಅದಲುಬದಲಾಗಿವೆ. ಕೆಲಸದಿಂದ ನಿವೃತ್ತರಾದ ಗಂಡಸರನ್ನು ಮೈಸೂರು, ಮಂಡ್ಯ ಸುತ್ತಿನಿಂದ ಮನೆಯವರೇ ಆಪ್ತಸಲಹೆ ಕೊಡುವ ನನ್ನಲ್ಲಿಗೆ ಕರೆತರುತ್ತಾರೆ. ಕೆಲವರದು ರಮ್ಮಿ, ಕೆಲವರದು ರಾತ್ರಿಯಿಡೀ ರೀಲ್ಸು. ಅವರ ದಾರಿ ಬೇರೆ. ನಡುನಡುವೆ ಇನ್ನೊಂದು ಬಗೆಯವರು ಬರುತ್ತಾರೆ. ಇವರು ಮೊಬೈಲಿನೊಳಗೆ ಏನನ್ನೂ ನೋಡುವುದಿಲ್ಲ, ಮೊಬೈಲ್ ಹಿಡಿದು ಹೊರಗಿನದನ್ನು ನೋಡುತ್ತಾರೆ. ಫೋಟೋ ತೆಗೆಯುತ್ತಾರೆ. ಮನೆಯವರಿಗೆ ಎರಡೂ ಒಂದೇ. ಅಂಥ ಒಬ್ಬರ ಪ್ರಕರಣವನ್ನು, ಅವರ ಮತ್ತು ಅವರ ಹೆಂಡತಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ನಾನು ಕೊಟ್ಟ ಸಲಹೆಯನ್ನು ಇದೇ ವೃತ್ತಿಯ ಗೆಳತಿಯೊಬ್ಬರು ಒಪ್ಪಲಿಲ್ಲ. ಅವರಿಗೂ ಇದರಲ್ಲಿ ಉತ್ತರವಿದೆ.

ಅವರನ್ನು ಡ್ರೈವರಣ್ಣ ಅನ್ನೋಣ. ಮಂಡ್ಯ ಜಿಲ್ಲೆಯವರು. ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿ ಅರವತ್ತಕ್ಕೆ ನಿವೃತ್ತರಾಗಿ, ಹೆಂಡತಿಯೊಂದಿಗೆ ಮೈಸೂರಿನ ಹೊಸ ಬಡಾವಣೆಯಲ್ಲಿರುವ ಮಗನ ಮನೆ ಸೇರಿದ್ದಾರೆ. ಬಂದ ಮೇಲೂ ಬೆಳಗಿನ ಜಾವಕ್ಕೇ ಎದ್ದು, ಯಾವುದೋ ಬಸ್ಸು ಹತ್ತಿ, ಪಾಂಡವಪುರ, ಮೇಲುಕೋಟೆ, ಮಳವಳ್ಳಿ ಕಡೆ ಎಲ್ಲೆಲ್ಲೋ ಇಳಿದು, ಮಧ್ಯಾಹ್ನದ ಊಟದ ಹೊತ್ತಿಗೆ ವಾಪಸಾಗುತ್ತಿದ್ದರು. ಕೈಯಲ್ಲಿ ಮಗ ಬಳಸಿ ಬಿಟ್ಟ ಹಳೇ ಆಂಡ್ರಾಯ್ಡ್ ಫೋನು. ಮನೆಯಲ್ಲಿ ಮಾತು ಕಡಿಮೆ. ಒಂದು ದಿನ ಯಾವುದೋ ಊರಿನ ತಂಗುದಾಣದಲ್ಲಿ, ಹೆಣ್ಣುಮಕ್ಕಳ ಫೋಟೋ ತೆಗೆದರೆಂದು ಹುಡುಗರು ಫೋನ್ ಕಿತ್ತುಕೊಂಡು ಗಲಾಟೆ ಮಾಡಿದರು. ಮಗ ಹೋಗಿ ಬಿಡಿಸಿಕೊಂಡು ಬಂದ. ಬಂದವನೇ ಆ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಅಪ್ಪನ ಕೈಗೆ ಬಟನ್ ಫೋನು ಕೊಟ್ಟ. ಅಲ್ಲಿಂದಾಚೆ ಡ್ರೈವರಣ್ಣ ವರಾಂಡದ ಕುರ್ಚಿ ಬಿಟ್ಟೇಳಲಿಲ್ಲ. ಮುದ್ದೆ ಅರ್ಧಕ್ಕೆ ಬಂತು.

ಮರೆವಿನ ಕಾಯಿಲೆ ಏನಾದರೂ ಶುರುವಾಗಿದೆಯೇ ಎಂದು ಮೊದಲು ವೈದ್ಯರಿಗೆ ತೋರಿಸಿ ಬರಲು ಹೇಳಿದೆ. ಅಂಥದ್ದೇನೂ ಇರಲಿಲ್ಲ. ಮೊದಮೊದಲ ಭೇಟಿಗಳು ‘ಊಂ’, ‘ಹಂಗೇನಿಲ್ಲ’ಗಳಲ್ಲೇ ಕಳೆದವು. ಮಗ ಮಾತಾಡುತ್ತಿದ್ದ, ಅಪ್ಪ ಫ್ಯಾನು ನೋಡುತ್ತಿದ್ದರು. ಮುಂದಿನ ಸಲ ಮಗ ಹೊರಗಿರಲಿ, ತಾಯಿ ಒಳಗಿರಲಿ, ಬೀರುವಿನ ಫೋನು ಜೊತೆಗೆ ಬರಲಿ ಎಂದೆ. ಮಗನಿಗೆ ಇಷ್ಟವಾಗಲಿಲ್ಲ, ಆದರೂ ತಂದುಕೊಟ್ಟ.

ಫೋನು ನಿಮ್ಮ ಕೈಯಲ್ಲೇ ಇರಲಿ, ನೀವು ತೋರಿಸಿದ್ದನ್ನಷ್ಟೇ ನೋಡುತ್ತೇನೆ ಎಂದೆ. ಕೇಳದೆ ಇನ್ನೊಬ್ಬರ ಗ್ಯಾಲರಿಗೆ ಬೆರಳು ಹಾಕುವ ಸಲಹಾಕಾರರನ್ನು ನಾನು ನಂಬುವುದಿಲ್ಲ. ಡ್ರೈವರಣ್ಣ ಕನ್ನಡಕ ಏರಿಸಿ ಒಂದೊಂದಾಗಿ ಸರಿಸಿದರು. ಹುಣಸೆಮರದ ಬುಡ. ಕಾರ್ಖಾನೆಯ ಮುಂದೆ ಕಬ್ಬು ಹೇರಿಕೊಂಡು ನಿಂತ ಟ್ರ್ಯಾಕ್ಟರುಗಳು. ವಿಶ್ವೇಶ್ವರಯ್ಯ ನಾಲೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆದ ನೊರೆ. ಆಲೆಮನೆಯ ಹೊಗೆ. ಕೊಕ್ಕರೆಬೆಳ್ಳೂರಿನ ಮರದ ತುಂಬ ಗೂಡು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಗಿ ಬೆಂಗಳೂರಿನ ಗಾಡಿಗಳು ಮದ್ದೂರು, ಮಂಡ್ಯಗಳನ್ನು ಹೊರಗಿನಿಂದಲೇ ದಾಟತೊಡಗಿದವಲ್ಲ, ಹಾಗೆ ಗಿರಾಕಿ ಇಲ್ಲದಾದ ಹಳೇ ಹೆದ್ದಾರಿ ಬದಿಯ ಹೋಟೆಲೊಂದರ ಮುಚ್ಚಿದ ಷಟರು, ಅದರ ಮುಂದೆ ಯಾರೋ ಒಣಗಲು ಹರಡಿದ ಹುರುಳಿ. ಹಲವು ಚಿತ್ರ ನಡುಗಿವೆ, ಹಲವು ಓರೆಯಾಗಿವೆ. ಆ ಹುರುಳಿಯ ಚಿತ್ರ ಮಾತ್ರ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ನೋಡುತ್ತಾ ಹೋದಂತೆ ಒಂದು ವಿಷಯ ಕಣ್ಣಿಗೆ ಬಿತ್ತು.

‘ಯಜಮಾನ್ರೇ, ಇಷ್ಟೊಂದು ಫೋಟೋ ಇದೆ. ಒಂದರಲ್ಲೂ ರಸ್ತೆನೇ ಇಲ್ವಲ್ಲ?’

‘ರಸ್ತೆ ಯಾಕ್ ತೆಗೀಲಿ ಕನಮ್ಮ? ಮೂವತ್ತೊರ್ಸ ಅದ್ನೇ ನೋಡಿವ್ನಿ. ಪಕ್ಕುಕ್ ನೋಡಂಗಿರ್ನಿಲ್ಲ. ಒಂದ್ಗಳ್ಗೆ ಕತ್ತು ತಿರುಗ್ಸುದ್ರೆ ಹಿಂದ್ಗಡೆ ಕೂತಿರೋ ಐವತ್ ಜನದ್ ಪ್ರಾಣ.’

ನಾನು ಸುಮ್ಮನಿದ್ದೆ. ಅವರೇ ಮುಂದುವರಿಸಿದರು.

‘ಕಂಡಕ್ಟ್ರಿಗೆ ಜನ ಗೊತ್ತು. ನಂಗೆ ವಿಷಲ್ ಗೊತ್ತು. ಒಂದ್ ಊದುದ್ರೆ ನಿಲ್ಸು, ಎಲ್ಡ್ ಊದುದ್ರೆ ಹೊಂಡು. ಹತ್ತೋರು ಇಳಿಯೋರ್ನೆಲ್ಲ ಕನ್ನಡೀಲ್ ಕಂಡಿವ್ನಿ, ಅಷ್ಟೆಯ. ಇಂತಾ ಸ್ಟಾಪು ಅಂದ್ರೆ ಕಣ್ಮುಚ್ಕಂಡ್ ನಿಲ್ಲುಸ್ತಿದ್ದೆ. ಆ ಸ್ಟಾಪ್ ಪಕ್ಕುದಲ್ ಏನದೆ ಅಂತ ಕೇಳುದ್ರೆ ಗೊತ್ತಿಲ್ಲ.’

ಅಷ್ಟು ಹೊತ್ತು ಸೆರಗಿನ ತುದಿ ಸುತ್ತುತ್ತಾ ಕೂತಿದ್ದ ಅವರ ಹೆಂಡತಿ ಆಗ ಫೋನಿನ ಕಡೆ ಬಗ್ಗಿದರು. ತೆರೆಯ ಮೇಲೆ ಒಂದು ಗುಡಿಯ ಕಲ್ಲಿನ ಜಗಲಿ ಇತ್ತು. ‘ನೈಟ್ ಹಾಲ್ಟ್’ ಬಸ್ಸು ಗೊತ್ತಿರುವವರಿಗೆ ಗೊತ್ತಿರುತ್ತದೆ: ಸಂಜೆಯ ಕೊನೇ ಟ್ರಿಪ್ಪು ಹಳ್ಳಿಯಲ್ಲೇ ತಂಗಿ ಬೆಳಿಗ್ಗೆ ಮೊದಲ ಟ್ರಿಪ್ಪಾಗಿ ಹೊರಡುತ್ತದೆ, ಡ್ರೈವರು ಕಂಡಕ್ಟರು ಬಸ್ಸಿನಲ್ಲೋ ಊರಿನ ಯಾವುದಾದರೂ ಜಗಲಿಯಲ್ಲೋ ಮಲಗುತ್ತಾರೆ.

‘ಇಲ್ಲೇನಾ ನೀವ್ ಮನಿಕತಿದ್ದುದ್ದು?’

‘ಊಂ. ಇದೇ ಜಗ್ಲಿ.’

‘ಸೊಳ್ಳೆ ಇರ್ನಿಲ್ವಾ?’

ಆ ಸೊಳ್ಳೆಯ ಪ್ರಶ್ನೆಗೆ ಉತ್ತರ ಬಹಳ ಹೊತ್ತು ನಡೆಯಿತು. ಊರವರು ತಂದುಕೊಡುತ್ತಿದ್ದ ಚಾಪೆ, ಮಳೆಗಾಲದಲ್ಲಿ ಸೋರುತ್ತಿದ್ದ ಬಸ್ಸಿನ ಚಾವಣಿ, ತಿಂಗಳುಗಟ್ಟಲೆ ಜೊತೆಗಿದ್ದ ಒಬ್ಬ ಕಂಡಕ್ಟರ ಗೊರಕೆ. ಆಯಮ್ಮ ನಕ್ಕರು. ಗಂಡ ರಾತ್ರಿ ಎಲ್ಲಿ ಮಲಗುತ್ತಿದ್ದರು ಎಂದು ಅಷ್ಟು ವರ್ಷ ಸಂಸಾರ ಮಾಡಿದವರಿಗೆ ಅಂದು ಗೊತ್ತಾಯಿತು. ನನ್ನ ಕೆಲಸ ಆ ಹೊತ್ತು ಬಾಯಿ ಮುಚ್ಚಿಕೊಂಡಿರುವುದಷ್ಟೇ ಆಗಿತ್ತು.

‘ನಿಮ್ಮ ಮನಸ್ಸಿನಲ್ಲಿ ಏನಿದೆ ಹೇಳಿ’ ಎಂದು ನಮ್ಮ ವೃತ್ತಿಯಲ್ಲಿ ಸುಲಭವಾಗಿ ಕೇಳಿಬಿಡುತ್ತೇವೆ. ನಾಲ್ಕಕ್ಷರ ಓದಿ ಪಟ್ಟಣದಲ್ಲಿ ಬೆಳೆದವರು ಹೇಳಿಯೂ ಹೇಳುತ್ತಾರೆ. ಡ್ರೈವರಣ್ಣನಂಥವರ ಬಳಿ ಬೇಸರ, ಒಂಟಿತನ ಎಂಬ ಮಾತುಗಳು ಇರುವುದಿಲ್ಲ, ಜಾಗಗಳಿರುತ್ತವೆ. ಜಾಗ ತೋರಿಸಿದರೆ ಮಾತು ತಾನಾಗಿ ಬರುತ್ತದೆ. ಇದು ನನ್ನ ಶೋಧವೇನಲ್ಲ. 1990ರ ದಶಕದಲ್ಲಿ ಚೀನಾದ ಯುನ್ನಾನ್ ಪ್ರಾಂತ್ಯದ ಹಳ್ಳಿ ಹೆಂಗಸರ ಕೈಗೆ ಕ್ಯಾಮೆರಾ ಕೊಟ್ಟು, ಅವರು ತೆಗೆದ ಚಿತ್ರಗಳನ್ನೇ ಮುಂದಿಟ್ಟುಕೊಂಡು ಅವರ ಬದುಕನ್ನು ಅವರ ಬಾಯಲ್ಲೇ ಕೇಳಿದರು ಸಂಶೋಧಕಿಯರಾದ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರಿಸ್. ಫೋಟೋವಾಯ್ಸ್ ಎಂಬ ವಿಧಾನ ಬಂದದ್ದು ಹಾಗೆ. ಅಲ್ಲಿ ಕ್ಯಾಮೆರಾವನ್ನು ಹೊರಗಿನವರು ಕೊಡಬೇಕಾಗಿತ್ತು. ಇಲ್ಲಿ ಮಗ ಬಿಟ್ಟ ಹಳೇ ಫೋನೇ ಸಾಕಾಯಿತು.

ಇದರಲ್ಲಿ ಕಾಸಿನ ವಿಷಯವೂ ಇದೆ. ಜನಸಾಮಾನ್ಯರ ಬದುಕನ್ನು ಹಿಡಿದಿಟ್ಟ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ನಮ್ಮ ಮೈಸೂರಿನವರೇ. ಅವರ ಕಾಲದ ಫಿಲ್ಮ್ ರೋಲಿನಲ್ಲಿ 36 ಚಿತ್ರ, ತೊಳೆಸಲು ದುಡ್ಡು, ಪ್ರಿಂಟಿಗೆ ಮತ್ತೆ ದುಡ್ಡು. ಬಸ್ಸಿನ ಡ್ರೈವರು ಹುಣಸೆ ಬುಡದ ಮೇಲೆ ಒಂದು ಫ್ರೇಮು ಖರ್ಚು ಮಾಡುವುದು ಕನಸಿನ ಮಾತು. ಮುಂಚೆ ಫೋಟೋ ತೆಗೆಸಿಕೊಂಡದ್ದು ಯಾವಾಗ ಎಂದು ಕೇಳಿದ್ದಕ್ಕೆ ಡ್ರೈವರಣ್ಣ ಬೆರಳು ಮಡಿಚಿದರು: ಮದುವೆಗೆ, ಲೈಸೆನ್ಸಿಗೆ, ಐಡಿ ಕಾರ್ಡಿಗೆ. ಮೂರರಲ್ಲೂ ‘ನೆಟ್ಟಗೆ ಕೂತ್ಕಳಿ, ಇಲ್ನೋಡಿ’ ಎಂದವರು ಬೇರೆ ಯಾರೋ. ಎಲ್ಲಿ ನೋಡಬೇಕು ಎಂದು ತಾವೇ ತೀರ್ಮಾನಿಸುವ ಅವಕಾಶ ಅರವತ್ತು ದಾಟಿದ ಮೇಲೆ ಸಿಕ್ಕಿತು. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

ಹಾಗಾಗಿ ನನ್ನ ಮೊದಲ ಸಲಹೆ: ಫೋನು ವಾಪಸು ಕೊಡಿ. ಉಳಿದದ್ದೆಲ್ಲ ಆಮೇಲೆ.

ತಂಗುದಾಣದ ಗಲಾಟೆಯನ್ನು ಬದಿಗೆ ಸರಿಸುವಂತಿರಲಿಲ್ಲ. ಆ ಚಿತ್ರವನ್ನೂ ಅವರು ತೋರಿಸಿದರು. ಅವರಿಗೆ ಬೇಕಾಗಿದ್ದದ್ದು ಬಣ್ಣ ಉದುರಿದ ಗೋಡೆ ಮತ್ತು ಅದರ ಮೇಲಿನ ಹಳೇ ಚುನಾವಣೆಯ ಬರಹ. ಕಾಲೇಜಿಗೆ ಹೊರಟ ಹುಡುಗಿಯರು ಓರೆಯಲ್ಲಿ ಸೇರಿಕೊಂಡಿದ್ದರು. ಆದರೆ ಆ ಹುಡುಗಿಯರಿಗೆ ಇದು ಹೇಗೆ ಗೊತ್ತಾಗಬೇಕು? ಅಪರಿಚಿತ ಗಂಡಸು ಫೋನ್ ಎತ್ತಿ ಹಿಡಿದರೆ ಹೆಣ್ಣುಮಕ್ಕಳಿಗೆ ಹೊಟ್ಟೆ ತೊಳಸುತ್ತದೆ. ನನಗೂ ಆಗಿದೆ. ಅವರ ಭಯ ಸುಳ್ಳಲ್ಲ ಎಂದು ಡ್ರೈವರಣ್ಣನಿಗೆ ಖಡಾಖಂಡಿತವಾಗಿ ಹೇಳಿದೆ. ಹೆಂಗಸರು, ಮಕ್ಕಳು ಎದುರಿಗಿದ್ದರೆ ಫೋನು ಜೇಬಿನಲ್ಲಿರಲಿ, ಅವರು ಹೋದ ಮೇಲೆ ಗೋಡೆ ಅಲ್ಲೇ ಇರುತ್ತದೆ. ಬೇರೆಯವರ ಮುಖ ಬೇಕಿದ್ದರೆ ಮೊದಲು ಕೇಳಿ, ತೆಗೆದ ಮೇಲೆ ತೋರಿಸಿ. ಬೇಡ ಅಂದರೆ ಅವರ ಎದುರಿಗೇ ಅಳಿಸಿ, ಟ್ರ್ಯಾಶ್‌ನಿಂದಲೂ ಅಳಿಸಿ. ಅಳಿಸಿದ್ದು ಅಲ್ಲಿ ಕೆಲವು ದಿನ ಉಳಿದಿರುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಎರಡನೆಯದು, ಒಂದು ಜಾಗಕ್ಕೆ ಒಂದೋ ಎರಡೋ ಚಿತ್ರ ಸಾಕು. ಬೆರಳಿನಿಂದ ಝೂಮ್ ಮಾಡುವ ಬದಲು ಕಾಲಿನಿಂದ ಹತ್ತಿರ ಹೋಗಿ. 2014ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ಪ್ರಕಟಿಸಿದ ಅಧ್ಯಯನವೊಂದಿದೆ. ವಸ್ತುಸಂಗ್ರಹಾಲಯದಲ್ಲಿ ವಸ್ತುಗಳನ್ನು ಇಡಿಯಾಗಿ ಕ್ಲಿಕ್ಕಿಸಿದವರಿಗೆ, ಬರೀ ಕಣ್ಣಲ್ಲಿ ನೋಡಿದವುಗಳಿಗಿಂತ ಅವುಗಳ ನೆನಪು ಕಡಿಮೆ ಉಳಿದಿತ್ತು. ವಸ್ತುವಿನ ಒಂದು ಭಾಗವನ್ನಷ್ಟೇ ಗುರಿಯಿಟ್ಟು ತೆಗೆದಾಗ ಆ ನಷ್ಟ ಆಗಲಿಲ್ಲ. ಅಲ್ಲಿ ಕ್ಯಾಮೆರಾದ ಝೂಮ್ ಮಾಡಿದ ಕೆಲಸವನ್ನು ನಮ್ಮವರ ಕಾಲು ಮಾಡಲಿ ಎಂಬುದು ನನ್ನ ಲೆಕ್ಕ. ಹತ್ತಿರ ಹೋಗಬೇಕೆಂದರೆ ಯಾವುದರ ಹತ್ತಿರ ಎಂದು ಮೊದಲು ತೀರ್ಮಾನಿಸಬೇಕಲ್ಲ. ತೆರೆಯ ಮೇಲೆ ಬೇಕಾದ ಕಡೆ ಬೆರಳು ಒತ್ತಿದರೆ ಅಲ್ಲಿಗೆ ಫೋಕಸ್ ಕೂರುತ್ತದೆ, ಪಕ್ಕದ ಸೂರ್ಯನ ಗುರುತನ್ನು ಕೆಳಗೆಳೆದರೆ ಬೆಳಕು ತಗ್ಗುತ್ತದೆ ಎಂದು ತೋರಿಸಿದೆ. ಲೆನ್ಸ್ ಒರೆಸಿಕೊಳ್ಳಿ ಎಂದಾಗ ಮಾತ್ರ ನಕ್ಕರು. ‘ಗಾಜು ಒರ್ಸೋದ್ನ ನಂಗ್ ಯೋಳ್ಕೊಡ್ತೀರಾ?’

ಮೂರನೆಯದು ಹೆಂಡತಿಗೆ: ಸಂಜೆ ಒಂದು ಫೋಟೋ ಕೇಳಿ. ‘ಚೆನ್ನಾಗದೆ’ ಅನ್ನಬೇಡಿ, ‘ಇದ್ಯಾವ ಜಾಗ?’ ಅನ್ನಿ. ಬೇಕೆನಿಸಿದ್ದನ್ನು ಸ್ಟುಡಿಯೋದಲ್ಲಿ 4×6 ಅಳತೆಯಲ್ಲಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿ. ಸ್ಟೇಟಸ್‌ಗೆ, ಗುಂಪುಗಳಿಗೆ ಸದ್ಯಕ್ಕೆ ಬೇಡ. ಈ ಕೊನೆಯ ಮಾತಿಗೆ ಎಲ್ಲರೂ ಹುಬ್ಬೇರಿಸುತ್ತಾರೆ. ಹಂಚಿಕೊಂಡರೆ ತಾನೇ ಅಭಿವ್ಯಕ್ತಿ ಎನ್ನುತ್ತಾರೆ. ಜೀವನಪೂರ್ತಿ ಇನ್ನೊಬ್ಬರ ವಿಷಲಿಗೆ ಬ್ರೇಕ್ ಒತ್ತಿದವರು ಈಗ ಲೈಕಿನ ಸದ್ದಿಗೆ ಎಲ್ಲಿ ಇಳಿಯಬೇಕೆಂದು ತೀರ್ಮಾನಿಸುವುದು ಬೇಡ ಎಂಬುದು ನನ್ನ ಹಟ. ಹುರುಳಿಯ ಚಿತ್ರಕ್ಕೆ ಮೂರು ಲೈಕು, ಅರಮನೆ ದೀಪಕ್ಕೆ ಮುನ್ನೂರು ಬಂದರೆ, ಮುಂದಿನ ವಾರ ಅವರು ಅರಮನೆ ಮುಂದೆ ನಿಂತಿರುತ್ತಾರೆ.

‘ಫೋನಿನ ಗೀಳಿಗೆ ಫೋನನ್ನೇ ಕೊಟ್ಟು ಕಳಿಸಿದೆಯಲ್ಲ’ ಎಂದರು ಗೆಳತಿ. ಗೀಳು ಎಂಬುದನ್ನು ನಾನು ಹಗುರವಾಗಿ ನೋಡುವವಳಲ್ಲ. ಅಂಥವರಿಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ, ನಾನೇ ಎಷ್ಟೋ ಜನರನ್ನು ಅಲ್ಲಿಗೆ ಕಳಿಸಿದ್ದೇನೆ. ಫೋನ್ ಬಂದ ಮೇಲೆ ನಿದ್ದೆ, ಊಟ, ಓಡಾಟ, ದುಡ್ಡು, ಸಂಬಂಧ ಕೆಟ್ಟಿವೆಯೇ ಎಂದು ಕೇಳುತ್ತೇವೆ. ಡ್ರೈವರಣ್ಣನಿಗೆ ಊಟವೂ ಓಡಾಟವೂ ಕೆಟ್ಟದ್ದು ಫೋನ್ ಹೋದ ಮೇಲೆ. ಚಟ ಎಂಬ ಹೆಸರು ಕೊಡುವ ಮುನ್ನ ಈ ಹಿಂದುಮುಂದನ್ನಾದರೂ ನೋಡಬೇಡವೇ?

ಇದೇ ಸಲಹೆ ಎಲ್ಲರಿಗೂ ಒಪ್ಪುವುದಿಲ್ಲ. ಗ್ಯಾಲರಿಯಲ್ಲಿ ಒಬ್ಬರದೇ ಮುಖ, ಅವರಿಗೆ ತಿಳಿಯದಂತೆ ತೆಗೆದದ್ದು ಕಂಡರೆ ನನ್ನ ಮಾತು ಪೂರ್ತಿ ಬೇರೆಯಾಗಿರುತ್ತದೆ. ನಿದ್ದೆಗೆಟ್ಟು, ಬದುಕೇ ಬೇಡವೆನ್ನುವವರಿಗೆ ಫೋಟೋ ತೆಗೆಯಿರಿ ಎನ್ನುವುದು ಕ್ರೌರ್ಯ. ಅಂಥವರ ಮನೆಯವರು ತಡಮಾಡದೆ ವೈದ್ಯರನ್ನು ಕಾಣಬೇಕು, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು. ಕನ್ನಡದಲ್ಲೇ ಮಾತಾಡಬಹುದು.

ಡ್ರೈವರಣ್ಣ ಮತ್ತೆ ಬಸ್ಸು ಹತ್ತುತ್ತಿದ್ದಾರೆ. ಒಂದೆರಡು ಸಲ ಹೆಂಡತಿಯೂ ಜೊತೆಗೆ ಹೋಗಿದ್ದಾರೆ, ‘ಬಿಸ್ಲಲ್ ನಿಲ್ಸ್ಕಂಡು ಕಾಯಿಸ್ತಾರೆ’ ಎಂಬ ದೂರು ಹೊತ್ತು ತಂದಿದ್ದಾರೆ. ನನ್ನ ಮಾತು ಮೀರಿ ಆಲೆಮನೆಯ ಒಂದು ಚಿತ್ರ ಸ್ಟೇಟಸ್‌ಗೆ ಹೋಗಿದೆ. ಅದನ್ನು ನೋಡಿದ ಮೇಲೆ ಮಗನ ಧಾಟಿಯೇ ಬದಲಾಗಿದೆ. ಫೋನ್ ಕಿತ್ತಿಟ್ಟವನು ಈಗ ಅಪ್ಪನಿಗೆ ದೊಡ್ಡ ಕ್ಯಾಮೆರಾ ಕೊಡಿಸಬೇಕು, ಕೋರ್ಸಿಗೆ ಸೇರಿಸಬೇಕು, ಸ್ಪರ್ಧೆಗೆ ಕಳಿಸಬೇಕು ಎಂದು ನನಗೆ ಕರೆ ಮಾಡುತ್ತಾನೆ. ನಿಮ್ಮಪ್ಪನನ್ನೇ ಕೇಳಪ್ಪ ಎಂದಿದ್ದೇನೆ. ಇನ್ನೂ ಕೇಳಿಲ್ಲವಂತೆ.