ಓದುಗರ ಪ್ರಶ್ನೆ: ಹೊತ್ತಿ ಉರಿದ ಕ್ಯಾಸಿನೊ ಮತ್ತು ಒಂದು ರಿಫ್

ಪ್ರಶ್ನೆ: ಕಾಲೇಜು ವಾರ್ಷಿಕೋತ್ಸವದಲ್ಲಿ ನಮ್ಮ ಬ್ಯಾಂಡ್ ಇಂಗ್ಲೆಂಡಿನ ರಾಕ್ ತಂಡ ಡೀಪ್ ಪರ್ಪಲ್‌ನ ‘ಸ್ಮೋಕ್ ಆನ್ ದ ವಾಟರ್’ ನುಡಿಸಲಿದೆ. ಇದರ ಹಿಂದೆ ನಿಜವಾದ ಘಟನೆಯೊಂದು ಇದೆಯೇ? ಸ್ವರಗಳು ಸರಿಯಿದ್ದರೂ ನಮ್ಮ ರಿಫ್ (ಹಾಡಿನಲ್ಲಿ ಮರುಕಳಿಸುವ ಗಿಟಾರ್ ತುಣುಕು) ಮೂಲದಂತೆ ಕೇಳಿಸದಿರುವುದೇಕೆ? ಅನುಮತಿ ಪಡೆಯಬೇಕೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಇದೆ; ಆ ಹಾಡಿನ ಸಾಹಿತ್ಯ ಹೆಚ್ಚುಕಡಿಮೆ ಒಂದು ಪತ್ರಿಕಾ ವರದಿಯೇ ಆಗಿದೆ. 1971ರ ಡಿಸೆಂಬರ್‌ನಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಸಂಚಾರಿ ಸ್ಟುಡಿಯೊವನ್ನು ಬಾಡಿಗೆಗೆ ಪಡೆದು, ಸ್ವಿಟ್ಜರ್ಲೆಂಡಿನ ಮಾಂಟ್ರೊ ಕ್ಯಾಸಿನೊದಲ್ಲಿ ಆಲ್ಬಂ ಧ್ವನಿಮುದ್ರಿಸಲು ಡೀಪ್ ಪರ್ಪಲ್ ಬಂದಿಳಿದಿತ್ತು. ಡಿಸೆಂಬರ್ 4ರಂದು ಅಲ್ಲಿ ನಡೆದ ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಜಪ್ಪಾ ಅವರ ಕಛೇರಿಯ ನಡುವೆ ಪ್ರೇಕ್ಷಕನೊಬ್ಬ ಛಾವಣಿಯತ್ತ ಫ್ಲೇರ್ ಗನ್ (ಸಂಕೇತದ ಬೆಂಕಿಯುಂಡೆ ಸಿಡಿಸುವ ಪಿಸ್ತೂಲು) ಹಾರಿಸಿದ್ದರಿಂದ ಇಡೀ ಕಟ್ಟಡ ಸುಟ್ಟುಹೋಯಿತು. ಜೀವಹಾನಿಯಾಗಲಿಲ್ಲ, ಜನರನ್ನು ಹೊರಗೆ ಕರೆತರಲು ಓಡಾಡಿದ ಸಂಘಟಕ ಕ್ಲೋಡ್ ನಾಬ್ಸ್ ಹಾಡಿನಲ್ಲಿಯೂ ಬರುತ್ತಾರೆ. ಜಿನೀವಾ ಸರೋವರದ ಮೇಲೆ ಹಬ್ಬಿದ ಹೊಗೆಯನ್ನು ತಂಡದವರು ಕಣ್ಣಾರೆ ಕಂಡಿದ್ದರು. ಕೆಲವು ದಿನಗಳ ನಂತರ ನಿದ್ದೆಯಿಂದೆದ್ದ ಬೇಸ್ ವಾದಕ ರೋಜರ್ ಗ್ಲೋವರ್ ಅವರಿಗೆ ಶೀರ್ಷಿಕೆ ಹೊಳೆಯಿತು.

ಈ ಹಾಡಿನ ವಾದ್ಯಗಳ ಭಾಗ ಮುದ್ರಣಗೊಂಡದ್ದು ಪೆವಿಲಿಯನ್ ಎಂಬ ರಂಗಮಂದಿರದಲ್ಲಿ. ರಾತ್ರಿಯ ಗದ್ದಲಕ್ಕೆ ನೆರೆಯವರು ದೂರು ಕೊಟ್ಟು ಪೊಲೀಸರು ಬಂದಾಗ, ಮುದ್ರಣ ಮುಗಿಯುವವರೆಗೆ ಸಹಾಯಕರು ಬಾಗಿಲನ್ನು ಒಳಗಿನಿಂದ ಒತ್ತಿ ಹಿಡಿದಿದ್ದರಂತೆ. ಆಲ್ಬಂನ ಉಳಿದ ಕೆಲಸವನ್ನು ತಂಡವು ಚಳಿಗಾಲಕ್ಕೆ ಮುಚ್ಚಿದ್ದ ಗ್ರ್ಯಾಂಡ್ ಹೋಟೆಲಿನಲ್ಲಿ ಮುಗಿಸಿತು. ಈ ಹಾಡಿರುವ ಆ ಆಲ್ಬಂ ‘ಮಷೀನ್ ಹೆಡ್’ 1972ರಲ್ಲಿ ಹೊರಬಂದಿತು.

ಇನ್ನು ನಿಮ್ಮ ರಿಫ್. ಬಹುಶಃ ನೀವು ಅದನ್ನು ಪವರ್ ಕಾರ್ಡ್‌ಗಳಲ್ಲಿ, ಅಂದರೆ ಷಡ್ಜ–ಪಂಚಮದ ಜೋಡಿಯಲ್ಲಿ, ಪಿಕ್‌ನಿಂದ (ತಂತಿ ಮೀಟುವ ಚಿಕ್ಕ ಬಿಲ್ಲೆಯಿಂದ) ನುಡಿಸುತ್ತಿದ್ದೀರಿ. ಡೀಪ್ ಪರ್ಪಲ್‌ನ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ನುಡಿಸಿದ್ದು ಷಡ್ಜ–ಮಧ್ಯಮದ ಅಂತರದಲ್ಲಿ. ರಾಗ ಮೇಲಿನ ಸ್ವರದಲ್ಲಿರುತ್ತದೆ, ಕೆಳಗಿನದು ಅದಕ್ಕೆ ನೆರಳಾಗಿ ಸಾಗುತ್ತದೆ. ಡಿ ಮತ್ತು ಜಿ ತಂತಿಗಳನ್ನು ಖಾಲಿಯಾಗಿಟ್ಟು ಆರಂಭಿಸಿ, ಎರಡರಲ್ಲೂ 3, 5 ಮತ್ತು 6ನೆಯ ಫ್ರೆಟ್‌ಗಳನ್ನು (ಗಿಟಾರಿನ ಕತ್ತಿನ ಮೇಲಿನ ಮನೆಗಳನ್ನು) ಒತ್ತಿದರೆ ಆ ಸ್ವರಗಳು ಸಿಗುತ್ತವೆ. ಬ್ಲ್ಯಾಕ್‌ಮೋರ್ ಎರಡೂ ತಂತಿಗಳನ್ನು ಬೆರಳುಗಳಿಂದ ಒಟ್ಟಿಗೆ ಮೀಟುತ್ತಿದ್ದರು. ಪಿಕ್ ಒಂದರ ನಂತರ ಇನ್ನೊಂದನ್ನು ಸವರಿಕೊಂಡು ಹೋಗುವುದರಿಂದ, ಎಷ್ಟೇ ವೇಗವಾಗಿ ಎಳೆದರೂ ಆ ಗಟ್ಟಿ ಹೊಡೆತ ಮಸುಕಾಗುತ್ತದೆ.

ಎಲ್ಲರೂ ಒಟ್ಟಿಗೆ ಆರಂಭಿಸಬೇಡಿ. ಮೊದಲು ಗಿಟಾರ್ ಒಂದೇ, ಬಳಿಕ ಹೈ-ಹ್ಯಾಟ್ (ಡ್ರಮ್ಸ್‌ನ ಜೋಡಿ ತಾಳ) ಮತ್ತು ಆರ್ಗನ್, ಆಮೇಲೆ ಪೂರ್ಣ ಡ್ರಮ್ಸ್, ಕಡೆಗೆ ಬೇಸ್ ಬರಲಿ. ಹಾಡುಗಾರರು ಆರ್ಭಟಿಸದೆ ನಡೆದದ್ದನ್ನು ಹೇಳುವಂತೆ ಹಾಡಿದರೆ ಸಾಹಿತ್ಯಕ್ಕೆ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಅನುಮತಿಯ ವಿಷಯ: ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಅಂಗವಾಗಿ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು ನುಡಿಸಿ, ಪ್ರೇಕ್ಷಕರೂ ಅವರು, ಪೋಷಕರು ಹಾಗೂ ಸಂಸ್ಥೆಯ ಚಟುವಟಿಕೆಗೆ ಸಂಬಂಧಿಸಿದವರಷ್ಟೇ ಆಗಿದ್ದರೆ ಅದು ಉಲ್ಲಂಘನೆಯಲ್ಲ. ಟಿಕೆಟ್ ಮಾರಿ ಊರಿನವರನ್ನೆಲ್ಲ ಕರೆದರೆ ಈ ವಿನಾಯಿತಿ ಸಿಗದು. ಆಗ ಸಂಘಟಕರು ಮೊದಲೇ ಪರವಾನಗಿ ಪಡೆಯಬೇಕಾಗುತ್ತದೆ.