ಹ್ಯೂಯಿ ಲಾಂಗ್ ಮತ್ತು 15 ಸಹಿಗಳು

ಅಮೆರಿಕದ ಲೂಯಿಸಿಯಾನ ರಾಜ್ಯದ ಗವರ್ನರ್ ಹ್ಯೂಯಿ ಲಾಂಗ್ ವಾಗ್ದಂಡನೆಯಿಂದ (ಹುದ್ದೆಯಿಂದ ಕಿತ್ತುಹಾಕುವ ವಿಚಾರಣೆ) ಪಾರಾದದ್ದು ಭಾಷಣದ ಬಲದಿಂದಲೇ, ದೇಶದ ಮೇಲ್ಮನೆಯಾದ ಸೆನೆಟ್ಟಿಗೆ ಗೆದ್ದ ಮೇಲೂ ಆತ ಗವರ್ನರ್ ಕುರ್ಚಿ ಬಿಡದಿದ್ದುದೇಕೆ ಎಂದು ಕೇಳಿದ್ದೀರಿ. ಭಾಷಣ ವೋಟು ತಂದಿತು, ನಿಜ. ಆತನ ಕುರ್ಚಿ ಉಳಿಸಿದ್ದು ಮಾತ್ರ ತಲೆ ಎಣಿಕೆಯ ಲೆಕ್ಕ.

ನಮ್ಮ ರಾಜ್ಯಪಾಲರ ಹಾಗಲ್ಲ, ಅಲ್ಲಿನ ಗವರ್ನರ್ ನಮ್ಮ ಮುಖ್ಯಮಂತ್ರಿಗೆ ಹತ್ತಿರ. 1893ರಲ್ಲಿ ವಿನ್‌ಫೀಲ್ಡಿನಲ್ಲಿ ಹುಟ್ಟಿದ ಲಾಂಗ್ ಊರೂರು ತಿರುಗಿ ಅಡುಗೆ ಕೊಬ್ಬು ಮಾರಿದವ. 21ಕ್ಕೆ ವಕೀಲ, 25ಕ್ಕೆ ರೈಲ್ವೆ ಕಮಿಷನ್ ಸದಸ್ಯ. 1924ರಲ್ಲಿ ಗವರ್ನರ್ ಸ್ಥಾನಕ್ಕೆ ನಿಂತು ಸೋತು, 1928ರಲ್ಲಿ ಗೆದ್ದ. ಶಾಲಾ ಮಕ್ಕಳಿಗೆ ಪುಕ್ಕಟೆ ಪಠ್ಯಪುಸ್ತಕ ಕೊಟ್ಟ. ಪುಸ್ತಕ ಶಾಲೆಗಲ್ಲ, ಮಗುವಿಗೆ ಎಂದು ಕಾನೂನು ಬರೆಸಿದ್ದರಿಂದ ಕ್ಯಾಥೊಲಿಕ್ ಶಾಲೆಗಳ ಮಕ್ಕಳಿಗೂ ಸಿಕ್ಕಿತು. 1930ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಜಾಣ ವಕೀಲಿಕೆ ಅಂದರೆ ಇದು.

ಎಡವಿದ್ದು 1929ರಲ್ಲಿ. ಸಂಸ್ಕರಿಸಿದ ತೈಲದ ಮೇಲೆ ಬ್ಯಾರಲ್‌ಗೆ 5 ಸೆಂಟ್ ತೆರಿಗೆ ಹಾಕಲು ವಿಶೇಷ ಅಧಿವೇಶನ ಕರೆದ. ದೊಡ್ಡ ತೈಲ ಕಂಪನಿ ಸ್ಟ್ಯಾಂಡರ್ಡ್ ಆಯಿಲ್ ವಿರೋಧಿಸಿ ಎದ್ದು ನಿಂತಿತು. ಮಾರ್ಚ್ 25ರಂದು, ವಾಗ್ದಂಡನೆ ತಪ್ಪಿಸಲು, ಅಧಿವೇಶನವನ್ನೇ ಮುಗಿಸಿಬಿಡಲು ಲಾಂಗ್ ಕಡೆಯವರು ಹೊರಟರು. ಮತ ತೋರಿಸುವ ವಿದ್ಯುತ್ ಫಲಕದಲ್ಲಿ ತಾವು ಹಾಕದ ಮತ ಬೆಳಗಿದೆ ಎಂದು ವಿರೋಧಿಗಳು ಮೇಜು ಹತ್ತಿದರು, ಸದನದೊಳಗೇ ಹೊಡೆದಾಟ, ರಕ್ತ. ಮುಂದೆ ಕೆಳಮನೆ ಲಾಂಗ್ ಮೇಲಿನ ವಾಗ್ದಂಡನೆಯ ಆರೋಪಗಳನ್ನು ಅಂಗೀಕರಿಸಿತು.

ವಿಚಾರಣೆ ನಡೆಸುವ ರಾಜ್ಯದ ಮೇಲ್ಮನೆಯಲ್ಲಿ 39 ಮಂದಿ. ಶಿಕ್ಷೆಗೆ ಮೂರನೇ ಎರಡರಷ್ಟು, ಅಂದರೆ 26 ಮತ ಬೇಕು. 14 ಮಂದಿ ಒಲ್ಲೆನೆಂದರೆ ಮುಗಿಯಿತು. ಲಾಂಗ್ 15 ಜನರ ಸಹಿ ಹಾಕಿಸಿದ: ಅಧಿವೇಶನದ ಅವಧಿ ಮುಗಿದ ಮೇಲೆ ಹೊರಿಸಿದ ಆರೋಪ ಊರ್ಜಿತವಲ್ಲ, ಸಾಕ್ಷ್ಯ ಏನೇ ಇರಲಿ ನಾವು ಶಿಕ್ಷೆಗೆ ಮತ ಹಾಕುವುದಿಲ್ಲ ಎಂದು. ವಿಚಾರಣೆ ಅಲ್ಲಿಗೇ ನಿಂತಿತು. ಸಹಿ ಮಾಡಿದವರಿಗೆ ಮುಂದೆ ಹುದ್ದೆ, ಅನುಕೂಲ ಎಲ್ಲ ಸಿಕ್ಕಿತು.

ಹುದ್ದೆ ಹಂಚುವ ಅಧಿಕಾರವೇ ಆತನ ಬಂಡವಾಳ. ತನ್ನವರಿಗೆ ನೌಕರಿ ಕೊಡುವಾಗಲೇ ತಾರೀಖಿಲ್ಲದ ರಾಜೀನಾಮೆ ಪತ್ರ ಬರೆಸಿಕೊಳ್ಳುತ್ತಿದ್ದ. ಸರ್ಕಾರಿ ನೌಕರರ ಸಂಬಳದಿಂದ ಕಡಿದ ದುಡ್ಡು ‘ಡಿಡಕ್ಟ್ ಬಾಕ್ಸ್’ ಎಂಬ ಪಕ್ಷದ ಪೆಟ್ಟಿಗೆಗೆ ಹೋಗುತ್ತಿತ್ತು. ರಸ್ತೆ, ಸೇತುವೆ, ಆಸ್ಪತ್ರೆ ಆದದ್ದನ್ನು ಅಲ್ಲಗಳೆಯಲಾಗದು. ಹಾಗೆಂದು ಈ ಪೆಟ್ಟಿಗೆಯನ್ನು ಮರೆಯುವ ಅಭಿಮಾನಿಗಳ ವಾದ ನಮಗೆ ಒಪ್ಪಿಗೆಯಿಲ್ಲ.

ಇನ್ನು ಕುರ್ಚಿಯ ಮಾತು. 1930ರಲ್ಲಿ ಅಮೆರಿಕದ ಸೆನೆಟ್ಟಿಗೆ ಗೆದ್ದ. ಹೋದರೆ ಲೆಫ್ಟಿನೆಂಟ್ ಗವರ್ನರ್ ಪಾಲ್ ಸಿರ್ ಪಟ್ಟಕ್ಕೇರುತ್ತಿದ್ದ, ಆತ ಬದ್ಧ ವೈರಿ. 1931ರ ಅಕ್ಟೋಬರಿನಲ್ಲಿ ಸಿರ್ ತಾನೇ ಗವರ್ನರ್ ಎಂದು ಪ್ರಮಾಣವಚನ ತೆಗೆದುಕೊಂಡುಬಿಟ್ಟ. ಗವರ್ನರ್ ಎಂದು ಪ್ರಮಾಣ ಮಾಡಿದವನು ಲೆಫ್ಟಿನೆಂಟ್ ಗವರ್ನರ್ ಹುದ್ದೆ ಬಿಟ್ಟಂತೆಯೇ ಎಂದು ಲಾಂಗ್ ವಾದ ಹೂಡಿದ. ನ್ಯಾಷನಲ್ ಗಾರ್ಡ್ ಸೈನಿಕರನ್ನೂ ಕರೆಸಿದ. ಸಿರ್ ಎರಡೂ ಕಳೆದುಕೊಂಡ. ಲೆಫ್ಟಿನೆಂಟ್ ಗವರ್ನರ್ ಜಾಗಕ್ಕೆ ರಾಜ್ಯ ಸೆನೆಟ್ಟಿನ ಆಲ್ವಿನ್ ಕಿಂಗ್ ಬಂದ. ತನ್ನ ಆಪ್ತ ಓ.ಕೆ. ಆ್ಯಲೆನ್ ಮುಂದಿನ ಗವರ್ನರ್ ಆಗುವುದು ಖಾತ್ರಿಯಾದ ಮೇಲೆ, 1932ರ ಜನವರಿಯಲ್ಲಿ ಲಾಂಗ್ ವಾಷಿಂಗ್ಟನ್ನಿಗೆ ಹೊರಟ. ರಾಜ್ಯದ ಲಗಾಮು ಮಾತ್ರ 1935ರಲ್ಲಿ ಗುಂಡೇಟಿಗೆ ಸಾಯುವ ತನಕ ಅವನ ಕೈಯಲ್ಲೇ ಇತ್ತು.

— ಸಂ.